ಧರೆ ಬದಿಯ ಮನೆ

ಆರಿದ್ರ ಮಳೆ ಹಿಡಿದು ಒಂದೆರಡು ವಾರ ಕಳೆದರೆ ನಮ್ಮ ಕಡೆ ನೀರು ಆಕಾಶದಿಂದಷ್ಟೇ ಬರುವುದಿಲ್ಲ, ನೆಲದಿಂದಲೂ ಏಳುತ್ತದೆ. ಬೇಸಿಗೆಯಲ್ಲಿ ಹುಡಿ ಹಾರುತ್ತಿದ್ದ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ತಣ್ಣನೆಯ ತಿಳಿನೀರು. ಮನೆ ಹಿಂದಿನ ಧರೆಯಲ್ಲಿ, ಎಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಯಲ್ಲಿ, ನಿನ್ನೆ ಕಾಣದ ಕಣ್ಣೊಂದು ಒಡೆದು ಬೆರಳುಗಾತ್ರದ ಧಾರೆ ಸುರಿಯುತ್ತಿರುತ್ತದೆ. ‘ಜಲ ಎದ್ದಿತು’ ಎಂದು ಹಿರಿಯರು ಗುದ್ದಲಿ ಹುಡುಕುತ್ತಾರೆ. ಕವಲೇದುರ್ಗದ ಸುತ್ತಿನ ಊರುಗಳಲ್ಲಿ, ತೀರ್ಥಹಳ್ಳಿಯಿಂದ ಹೊಸನಗರ, ಸಾಗರದವರೆಗೂ, ಇದು ವರ್ಷವರ್ಷದ ಮಾತು.

ಮೃಗಶಿರದ ಮಳೆಯನ್ನು ಗುಡ್ಡ ಬಹುಪಾಲು ಕುಡಿದುಬಿಡುತ್ತದೆ. ಮೇಲಿನ ಮೆದುಮಣ್ಣನ್ನೂ ತೂತುತೂತಾದ ಜಂಬಿಟ್ಟಿಗೆಯನ್ನೂ ದಾಟಿ ಇಳಿದ ನೀರು ಜೇಡಿಯೋ ಗಟ್ಟಿ ಬಂಡೆಯೋ ತಡೆದ ಕಡೆ ಅಡ್ಡಕ್ಕೆ ತಿರುಗುತ್ತದೆ. ಪುನರ್ವಸು, ಪುಷ್ಯದ ಹೊತ್ತಿಗೆ ಇನ್ನು ಹಿಡಿಸದಷ್ಟು ತುಂಬಿರುತ್ತದೆ. ಅಡ್ಡ ಹರಿವ ಆ ನೀರಿಗೆ ಎಲ್ಲಿ ಬಯಲು ಸಿಕ್ಕಿತೋ ಅಲ್ಲಿ ಒರತೆ. ಹೊಂಡ ತೋಡಿದ್ದರೆ ಹೊಂಡದಲ್ಲಿ, ಕೋಣೆ ತೋಡಿದ್ದರೆ ಕೋಣೆಯಲ್ಲಿ.

ಇದನ್ನು ಬಲ್ಲವರಾದ್ದರಿಂದಲೇ ನಮ್ಮ ಹಿಂದಿನವರು ಮನೆಯನ್ನು ನೆಲದೊಳಗೆ ಇಳಿಸಲಿಲ್ಲ, ನೆಲದಿಂದ ಎತ್ತರಿಸಿದರು. ಅಂಗಳದಿಂದ ನಾಲ್ಕಾರು ಮೆಟ್ಟಿಲು ಹತ್ತಿದರೆ ಜಗಲಿ. ಅದರ ಕೆಳಗೆ ಕಲ್ಲು ಕಟ್ಟಿದ ಪಂಚಾಂಗ. ಗೋಡೆಯಿಂದ ಬಹುದೂರ ಚಾಚಿದ ಸೂರು, ಇರಚಲು ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ. ಬೆಲೆಯುಳ್ಳದ್ದೆಲ್ಲ ಮೇಲಿರುತ್ತಿತ್ತು: ಒಣಗಿದ ಅಡಿಕೆ ಅಟ್ಟದ ಮೇಲೆ ಒಲೆಯ ಹೊಗೆ ತಾಗುವಲ್ಲಿ, ಭತ್ತ ನೆಲ ಮುಟ್ಟದ ಕಣಜದಲ್ಲಿ. ಕೆಳಗೆ ಇಟ್ಟದ್ದು ಹಾಳಾಗುತ್ತದೆ ಎಂಬುದನ್ನು ಯಾರೂ ಪಾಠ ಮಾಡಿ ಕಲಿಸಬೇಕಿರಲಿಲ್ಲ, ಮನೆಯ ಆಕಾರವೇ ಅದನ್ನು ಹೇಳುತ್ತಿತ್ತು.

ಈಗ ಮನೆಯ ಆಕಾರ ಬದಲಾಗಿದೆ, ಅದಕ್ಕೆ ಕಾರಣವೂ ಇದೆ. ಅಣ್ಣತಮ್ಮಂದಿರ ಪಾಲಿಗೆ ಬಂದ ಜಾಗ ಸಣ್ಣದು, ಸಮತಟ್ಟಾದದ್ದು ಮೊದಲೇ ತೋಟವೋ ಗದ್ದೆಯೋ ಆಗಿದೆ, ಉಳಿದದ್ದು ಇಳಿಜಾರು. ಜೆಸಿಬಿ ಬಂದರೆ ಒಂದೆರಡು ದಿನದಲ್ಲಿ ಗುಡ್ಡ ಕಡಿದು ಜಾಗ ಮಾಡಿಕೊಡುತ್ತದೆ. ರಸ್ತೆಯ ಮಟ್ಟಕ್ಕೆ ಮನೆ, ಅದರ ಕೆಳಗೆ ಮೂರು ಕಡೆ ಮಣ್ಣು ಒತ್ತಿಕೊಂಡ ಇನ್ನೊಂದು ಅಂತಸ್ತು. ಅದನ್ನು ಎಲ್ಲರೂ ಬೇಸ್‌ಮೆಂಟ್ ಎನ್ನುತ್ತಾರೆ. ಅಡಿಕೆ ಮೂಟೆ, ಗೊಬ್ಬರದ ಚೀಲ, ಸ್ಕೂಟರು, ಇನ್ವರ್ಟರ್ ಬ್ಯಾಟರಿ, ಮಕ್ಕಳ ಹಳೆಯ ಪುಸ್ತಕ, ಎಲ್ಲಕ್ಕೂ ಅದೇ ಜಾಗ. ಬೇಸಿಗೆಯಲ್ಲಿ ಗೃಹಪ್ರವೇಶವಾದಾಗ ಒಳಗೆ ಹಿತವಾದ ತಂಪು. ಮಳೆಗಾಲದಲ್ಲಿ ಬುಡದ ಗೋಡೆ ಕಪ್ಪಾಗುತ್ತದೆ, ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ, ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಮೂಟೆಯ ತಳದ ಅಡಿಕೆಗೆ ಬೂಸ್ಟು ಬಂದಾಗ ವರ್ಷದ ದುಡಿಮೆಯ ಒಂದು ಪಾಲು ಹೋಗಿರುತ್ತದೆ. ಇಂಥ ಕೋಣೆಯಲ್ಲಿ ನಿಂತು ಒದ್ದೆ ಮೂಟೆ ಹೊರಗೆ ಹೊತ್ತವರ ಮುಖ ನಾನು ನೋಡಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮನೆ ಕಟ್ಟಲು ಹೊರಟವರಿಗೆ ನಾನು ಹೇಳುವುದು ಒಂದೇ: ಜೋರು ಮಳೆ ಬರುವಾಗ ಒಮ್ಮೆ ಕವಲೇದುರ್ಗ ಹತ್ತಿ ಬನ್ನಿ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಬಲಗೊಂಡ ಕೋಟೆ ಅದು. 1763ರಲ್ಲಿ ರಾಜಧಾನಿ ಬಿದನೂರು ಹೈದರಾಲಿಯ ವಶವಾದ ಮೇಲೆ ಕೆಳದಿ ಸಂಸ್ಥಾನದ ಕಥೆ ಮುಗಿಯಿತು. ಗುಡ್ಡದ ಮೈಯನ್ನೇ ಅನುಸರಿಸಿ ಮೂರು ಸುತ್ತು ಗೋಡೆ. ಕಲ್ಲು ಹಾಸಿದ ದಾರಿ ಹಿಡಿದು ಒಂದೊಂದೇ ಬಾಗಿಲು ದಾಟಿ ಮೇಲೆ ಹೋದರೆ ಅರಮನೆಯ ನೆಲಗಟ್ಟು ಸಿಗುತ್ತದೆ. ಚಾವಣಿಯಿಲ್ಲ, ಮರದ ಕಂಬಗಳಿಲ್ಲ. ಉಳಿದಿರುವುದು ಕಂಬ ನಿಂತಿದ್ದ ಕಲ್ಲು, ಅಡುಗೆಮನೆಯ ಕಲ್ಲಿನ ಒಲೆ, ಕೋಣೆಗಳ ಅಡಿಪಾಯ, ನೀರು ಹೋಗಲು ಮಾಡಿದ ಕಲ್ಲಿನ ಕಾಲುವೆ. ಎರಡೂವರೆ ಶತಮಾನಕ್ಕೂ ಮಿಕ್ಕಿ ಮಳೆಗಾಲಗಳು ಈ ತೆರೆದ ನೆಲದ ಮೇಲೆ ಸುರಿದಿವೆ. ಆದರೂ ಕಟ್ಟಿದವರ ಕೋಣೆ ಯಾವುದು, ಅಂಗಳ ಯಾವುದು ಎಂದು ಇವತ್ತಿಗೂ ಗುರುತಿಸಬಹುದು.

ಸುಮ್ಮನೆ ನೋಡಿ ಬರುವವರಿಗೆ ಇದು ಹಾಳುಬಿದ್ದ ಕೋಟೆ. ಮನೆ ಕಟ್ಟುವವನ ಕಣ್ಣಿನಲ್ಲಿ ನೋಡಿದರೆ ಇದು ಪಾಠಶಾಲೆ. ಮೇಲಿನ ಹಂತದ ನೀರು ಕೆಳಗಿನ ಹಂತಕ್ಕೆ ಇಳಿಯುತ್ತದೆ, ನಡುನಡುವೆ ಕೊಳಗಳು ಅದನ್ನು ಹಿಡಿದು ನಿಲ್ಲಿಸುತ್ತವೆ, ಗುಡ್ಡದ ಬುಡದಲ್ಲಿ ವಿಶಾಲವಾದ ಕೆರೆ ಇದೆ. ಕೋಟೆಗೋಡೆಯ ಕಲ್ಲುಗಳ ಸಂದಿಯಲ್ಲಿ ಜರಿಗಿಡ ತೊಟ್ಟಿಕ್ಕುತ್ತಿರುತ್ತದೆ. ಗೋಡೆ ನೀರನ್ನು ತಡೆದು ನಿಂತಿಲ್ಲ, ಬಸಿಯಲು ಬಿಟ್ಟು ನಿಂತಿದೆ. ಬಂಡೆಗುಡ್ಡದ ನೆತ್ತಿಯಲ್ಲಿ ಕುಡಿಯುವ ನೀರು ಉಳಿಸಿಕೊಳ್ಳುವುದೂ ಮಲಗುವ ನೆಲ ಒಣಗಿಸಿಕೊಳ್ಳುವುದೂ ಅವರಿಗೆ ಬೇರೆಬೇರೆ ಕೆಲಸಗಳಾಗಿರಲಿಲ್ಲ.

ಈ ಪಾಠಕ್ಕೆ ಲೆಕ್ಕವೂ ಇದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ ಒಂದು ದಿನ 100 ಮಿಲಿಮೀಟರ್ ಸುರಿದರೆ 10,000 ಲೀಟರ್. ಮಲೆನಾಡಿನಲ್ಲಿ ಅಂಥ ದಿನ ಅಪರೂಪವಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆ ಇದೇ ತಾಲ್ಲೂಕಿನಲ್ಲಿದೆ. ಇಷ್ಟು ನೀರನ್ನು ಸೂರಿನಡಿಯಲ್ಲೇ, ಗೋಡೆಯ ಬುಡಕ್ಕೇ ಬೀಳಲು ಬಿಟ್ಟರೆ ಕೆಳಗಿನ ಕೋಣೆ ಒಣಗಿರುವುದು ಹೇಗೆ? ಮೊದಲು ಆಗಬೇಕಾದದ್ದು ದೋಣಿ ಮತ್ತು ಪೈಪು ಹಾಕಿ ಚಾವಣಿಯ ನೀರನ್ನು ಮನೆಯಿಂದ ದೂರ ಒಯ್ಯುವುದು. ಎರಡನೆಯದು ಅಂಗಳದ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರುವುದು. ಮೂರನೆಯದು ಧರೆಯ ನೆತ್ತಿಯ ಮೇಲೆ, ಅಂಚಿನಿಂದ ಸಾಕಷ್ಟು ಹಿಂದೆ, ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಅಗಳು. ಆ ಅಗಳಿನಲ್ಲಿ ನೀರು ನಿಂತು ಇಂಗಬಾರದು, ಹರಿದುಹೋಗಬೇಕು. ನಿಂತರೆ ಅದೇ ಧರೆಯನ್ನು ನೆನೆಸಿ ಜಾರಿಸುತ್ತದೆ.

ಹೆಚ್ಚಿನವರು ಹಣ ಸುರಿಯುವುದು ಒಳಗೋಡೆಯ ಮೇಲೆ. ಸಿಮೆಂಟು ಗಿಲಾವು, ಅದರ ಮೇಲೆ ವಾಟರ್‌ಪ್ರೂಫ್ ಲೇಪ, ಅದು ಏಳುತ್ತಲೇ ಇನ್ನೊಂದು ಲೇಪ. ಗೋಡೆಯ ಹಿಂದೆ ಒಂದು ಮೀಟರ್ ಎತ್ತರ ನೀರು ನಿಂತರೆ ಅದರ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ. ಹಿಂದಿನಿಂದ ಅಷ್ಟು ಬಲವಾಗಿ ತಳ್ಳುವುದನ್ನು ಮುಂದಿನಿಂದ ಬಳಿದ ಬಣ್ಣ ತಡೆಯಲಾರದು. ನೆಲಕ್ಕೂ ಹಾಗೆಯೇ. ಸುತ್ತ ನೀರು ತುಂಬಿದ ಮಣ್ಣಿನಲ್ಲಿ ಖಾಲಿ ಕೋಣೆಯನ್ನು ನೀರು ಹೊಳೆಯಲ್ಲಿರುವ ದೋಣಿಯಂತೆ ಮೇಲಕ್ಕೆ ಒತ್ತುತ್ತದೆ, ನೆಲ ಬಿರಿಯುವುದು ಅದರಿಂದ. ಜೊತೆಗೆ ಜಂಬಿಟ್ಟಿಗೆಯೂ ಇಟ್ಟಿಗೆಯೂ ತೇವವನ್ನು ಬುಡದಿಂದ ಮೇಲಕ್ಕೆ ಎಳೆದುಕೊಳ್ಳುತ್ತವೆ. ಅಡಿಪಾಯ ಮುಗಿದು ಗೋಡೆ ಏಳುವ ಮಟ್ಟದಲ್ಲಿ ತೇವ ತಡೆಯುವ ಪದರವನ್ನು ಹಾಕಬೇಕಾದದ್ದು ಕಟ್ಟುವಾಗಲೇ. ಆಮೇಲೆ ಹಾಕುವುದು ಬಹಳ ಕಷ್ಟ, ಬಹಳ ಖರ್ಚು.

ಆದ್ದರಿಂದ ಲೇಪ ಬೀಳಬೇಕಾದದ್ದು ಗೋಡೆಯ ಹೊರಮೈಗೆ, ಮಣ್ಣು ತುಂಬುವ ಮೊದಲು. ಅದರ ಹಿಂದೆ ಜೇಡಿಮಣ್ಣನ್ನು ಒತ್ತದೆ ಜಲ್ಲಿ ತುಂಬಬೇಕು. ಬುಡದಲ್ಲಿ, ಕೋಣೆಯ ನೆಲಕ್ಕಿಂತ ಕೆಳಗೆ, ತೂತಿನ ಪೈಪು ಮಲಗಿಸಿ ಇಳಿಜಾರಿನ ಕಡೆಗೆ ಬಾಯಿ ತೆರೆಯಬೇಕು. ಇಂಥ ಜಲ್ಲಿಗಾಲುವೆಗೆ ಪಶ್ಚಿಮದಲ್ಲಿ ‘ಫ್ರೆಂಚ್ ಡ್ರೈನ್’ ಎನ್ನುತ್ತಾರೆ. ಮ್ಯಾಸಚೂಸೆಟ್ಸಿನ ಹೆನ್ರಿ ಫ್ಲ್ಯಾಗ್ ಫ್ರೆಂಚ್ 1859ರಲ್ಲಿ ಹೊಲದ ನೀರು ಬಸಿಯುವ ಕ್ರಮದ ಮೇಲೆ ಪುಸ್ತಕ ಬರೆದು ಅದನ್ನು ಜನಕ್ಕೆ ತಿಳಿಸಿದರು. ಹೊಲಕ್ಕೆಂದು ಹೇಳಿದ್ದು ಮನೆಗೂ ಬಂತು. ನಮ್ಮ ಅಡಿಕೆ ತೋಟದ ಪ್ರತಿ ಬಸಿಗಾಲುವೆಯ ಹಿಂದೆಯೂ ಇದೇ ತಿಳಿವಳಿಕೆ ಇದೆ. ಮರದ ಬೇರು ನೀರಿನಲ್ಲಿ ನಿಲ್ಲಬಾರದೆಂದು ವರ್ಷವರ್ಷ ಕಾಲುವೆ ಬಿಡಿಸುವ ಕೈ ಮನೆಯ ಬುಡಕ್ಕೂ ಅಷ್ಟೇ ಪ್ರೀತಿಯಿಂದ ದುಡಿದರೆ ಸಾಕು.

ಕಟ್ಟಿ ಮುಗಿದ ಮನೆಯಲ್ಲಿ ತೇವ ಎಲ್ಲಿಂದ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಗೋಡೆಯ ಮೇಲೆ ಒಂದು ಮೊಳದಷ್ಟು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಒತ್ತಿ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮಗ್ಗುಲಲ್ಲಿ ಹನಿಗಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮಗ್ಗುಲಲ್ಲಿ ಹನಿಗಟ್ಟಿದರೆ ಅದು ಗಾಳಿಯ ತೇವ, ತಣ್ಣನೆಯ ಗೋಡೆಗೆ ತಾಗಿ ನೀರಾದದ್ದು. ಎರಡನೆಯದಾದರೆ ಮಳೆಯ ದಿನ ಕೆಳಗಿನ ಕೋಣೆಯ ಕಿಟಕಿ ತೆರೆದಿಡುವುದರಿಂದ ತೇವ ಕಳೆಯುವುದಿಲ್ಲ, ಹೆಚ್ಚಾಗುತ್ತದೆ. ಬಿಸಿಲು ಬಂದ ದಿನ ತೆರೆಯಿರಿ. ಮೂಟೆಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಅಡಿಕೆಗಂತೂ ಮೇಲಿನ ಅಟ್ಟವೇ ಸರಿ. ವಿದ್ಯುತ್ತಿನ ಬೋರ್ಡು ಮತ್ತು ಬ್ಯಾಟರಿ ನೆಲದಿಂದ ಎತ್ತರದಲ್ಲಿರಲಿ. ನೆಲದಲ್ಲಿ ನೀರು ನಿಂತಿದ್ದರೆ ವಿದ್ಯುತ್ ಕಡಿಯುವ ಮೊದಲು ಒಳಗೆ ಕಾಲಿಡಬೇಡಿ.

ಧರೆಯ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನಾವೆಲ್ಲ ಕಂಡೆವು. ನೆಟ್ಟಗೆ ಕಡಿದ ಧರೆಯ ನೆತ್ತಿಯಲ್ಲಿ ಬಿರುಕು ಬಿಟ್ಟರೆ, ಬಸಿವ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರ ವಾಲಿದರೆ, ಅದು ಗೋಡೆ ಒಣಗಿಸುವ ಹೊತ್ತಲ್ಲ, ಮನೆ ಬಿಟ್ಟು ಹೊರಡುವ ಹೊತ್ತು. ಧರೆಗೆ ಕಟ್ಟಿದ ತಡೆಗೋಡೆಯಲ್ಲಿ ನೀರು ಬಸಿಯುವ ಕಿಂಡಿಗಳಿರಬೇಕು, ಅವು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಕಿಂಡಿಯಿಂದ ನೀರು ಬರುತ್ತಿದ್ದರೆ ಒಳ್ಳೆಯದು. ಜೋರು ಮಳೆಯಲ್ಲಿ ಒಮ್ಮೆಗೇ ನಿಂತರೆ ಚಿಂತಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ನಮ್ಮ ಮನೆಯಿಂದ ತಿರುಗಿಸಿದ ನೀರು ಹೋಗುವುದು ಎಲ್ಲಿಗೆ? ಇಳಿಜಾರಿನಲ್ಲಿ ಎಲ್ಲರಿಗೂ ಕೆಳಗೊಂದು ಮನೆ ಇದೆ. ಮೇಲಿನವರ ಪೈಪಿನ ಬಾಯಿ ಕೆಳಗಿನವರ ಧರೆಯ ನೆತ್ತಿಗೆ ತೆರೆದುಕೊಂಡರೆ ಒಬ್ಬರ ಒಣನೆಲಕ್ಕೆ ಇನ್ನೊಬ್ಬರು ಬೆಲೆ ತೆತ್ತಂತೆ. ನಮ್ಮ ಊರುಗಳಲ್ಲಿ ಬೇಲಿಯ ಜಗಳಕ್ಕಿಂತ ನೀರಿನ ಜಗಳ ಹಳೆಯದು, ಹೆಚ್ಚು ಕಹಿಯಾದದ್ದು. ಆದರೆ ತೋಟದ ನೀರನ್ನು ಹತ್ತು ಮನೆಯವರು ಸೇರಿ ಒಂದೇ ಹಳ್ಳಕ್ಕೆ ಮುಟ್ಟಿಸುವ ರೂಢಿಯೂ ಇಲ್ಲಿ ಅಷ್ಟೇ ಹಳೆಯದು.

ಆ ರೂಢಿ ಮನೆಗಳಿಗೂ ಬರಬೇಕು. ಜಾಗ ಕಡಿಯುವ ಮೊದಲು ಮೇಲಿನವರನ್ನೂ ಕೆಳಗಿನವರನ್ನೂ ಕರೆದು ನಿಲ್ಲಿಸಿ ನೀರಿನ ದಾರಿ ಗುರುತು ಮಾಡಬೇಕು. ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ಜೊತೆ ಹಳ್ಳದವರೆಗಿನ ಕಾಲುವೆಯೂ ಕಾಣಬೇಕು, ಪಂಚಾಯಿತಿ ಅದನ್ನು ಕೇಳಬೇಕು. ಮೃಗಶಿರಕ್ಕೆ ಮೊದಲು ಕೇರಿಯವರೆಲ್ಲ ಒಂದು ದಿನ ಗುದ್ದಲಿ ಹಿಡಿದು ಅಗಳು ಬಿಡಿಸಬೇಕು. ಕವಲೇದುರ್ಗದ ಇಡೀ ಗುಡ್ಡಕ್ಕೇ ಒಂದು ನೀರಿನ ಏರ್ಪಾಟು ಮಾಡಿದವರು ನಮ್ಮ ನೆತ್ತಿಯ ಮೇಲೆಯೇ ಬಾಳಿಹೋಗಿದ್ದಾರೆ. ಒಂದು ಕೇರಿಗೆ ಅಷ್ಟು ಮಾಡಿಕೊಳ್ಳುವುದು ನಮ್ಮಿಂದ ಆಗದ ಕೆಲಸವಲ್ಲ.