ಬೇಲಿಯಾಚೆಯ ಉಪ್ಪು



ನಮ್ಮ ಕಡೆ ನೀಲಗಿರಿ ಮರವೆಂದರೆ ಅಂತರ್ಜಲವನ್ನೆಲ್ಲ ಕುಡಿದುಬಿಡುವ ಶನಿ ಎಂದೇ ಮಾತು. 2017ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ಅದರ ತವರಾದ ಈ ಆಸ್ಟ್ರೇಲಿಯಾದಲ್ಲಾದರೋ ರೈತರು ಅದೇ ಮರವನ್ನು, ಅದೇ ದುರ್ಗುಣಕ್ಕಾಗಿಯೇ, ಆಸೆಯಿಂದ ನೆಡುತ್ತಾರೆ!

ಬಳ್ಳಾರಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿ ರೆಸಿಡೆನ್ಸಿ ಮಾಡುವಾಗ ನನ್ನನ್ನು ಪಶ್ಚಿಮ ವಿಕ್ಟೋರಿಯಾದ ಒಂದು ಸಣ್ಣ ಊರಿಗೆ ಹಾಕಿದ್ದರು. ಹೊಲದ ತಗ್ಗುಗಳಲ್ಲಿ ಬೆಳ್ಳಗೆ ಉಪ್ಪು ಕಂಡು ಗಂಗಾವತಿ ಕಡೆಯ ಸವಳು ಭೂಮಿ ನೆನಪಾಯಿತು. ಅಲ್ಲಿ ಕಾಲುವೆಯ ಅತಿ ನೀರು ಕಾರಣ. ಇಲ್ಲಿ ಕಾಲುವೆಯೇ ಇರಲಿಲ್ಲ. ನನ್ನ ಪೇಷೆಂಟ್ ಆಗಿದ್ದ ಒಬ್ಬ ಹಿರಿಯ ರೈತರು ವಿವರಿಸಿದರು: ಆಳಕ್ಕೆ ಬೇರು ಬಿಟ್ಟ ಮರಗಳು ಮಳೆನೀರನ್ನು ಕುಡಿಯುತ್ತಿದ್ದವು. ಅವನ್ನು ಕಡಿದು ಗೋಧಿ, ಹುಲ್ಲು ಹಾಕಿದರು. ಅವುಗಳ ಬೇರು ಮೋಟು. ಉಳಿದ ನೀರು ಕೆಳಗಿಳಿದು, ಅಂತರ್ಜಲ ಮೇಲೇರಿ, ಸಾವಿರಾರು ವರ್ಷದಿಂದ ಮಣ್ಣಿನಲ್ಲಿದ್ದ ಉಪ್ಪನ್ನು ಹೊತ್ತು ತಂದಿತು. ಗುಡ್ಡದ ಮೇಲಿನವನು ಮರ ಕಡಿದರೆ ಉಪ್ಪು ಏಳುವುದು ತಗ್ಗಿನವನ ಹೊಲದಲ್ಲಿ. ಕಾಲು ಊದಿತೆಂದು ಕಾಲಿಗೆ ಮುಲಾಮು ಹಚ್ಚಿದರೆ ಆಗುತ್ತದೆಯೇ? ಹೃದಯ ನೋಡಬೇಕು. ಆದರೆ ಇಲ್ಲಿ ಹೃದಯ ಪಕ್ಕದ ಮನೆಯವನದು. ಅವನಿಗೆ ಯಾವ ನೋವೂ ಇಲ್ಲ.

ಅವನನ್ನು ಒಪ್ಪಿಸುವುದೇ ಲ್ಯಾಂಡ್‌ಕೇರ್. 1986ರಲ್ಲಿ ವಿಕ್ಟೋರಿಯಾದ ವಿಂಜಲೋಕ್ ಎಂಬಲ್ಲಿ ಮೊದಲ ಗುಂಪು ಕಟ್ಟಿತು. ಹಿಂದೆ ನಿಂತವರು ಲೇಬರ್ ಪಕ್ಷದ ಮಂತ್ರಿ ಜೋನ್ ಕರ್ನರ್ ಮತ್ತು ರೈತ ಒಕ್ಕೂಟದ ಅಧ್ಯಕ್ಷೆ ಹೆದರ್ ಮಿಚೆಲ್. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥ ಜೋಡಿ ಎಂದೇ ಜನ ಎಣಿಸಿದ್ದರು. 1989ರಲ್ಲಿ ಪ್ರಧಾನಿ ಬಾಬ್ ಹಾಕ್ ಇದನ್ನು ಇಡೀ ದೇಶಕ್ಕೆ ಹಬ್ಬಿಸಿದರು. ಇಂದು ಖಂಡದ ಉದ್ದಗಲಕ್ಕೂ ಇಂಥ ಸಾವಿರಾರು ಗುಂಪುಗಳಿವೆ. ಉಪ್ಪು ಹೋಯಿತೇ ಎಂದರೆ, ಎಲ್ಲ ಕಡೆ ಇಲ್ಲ. ಬೇಲಿಗುಂಟ ಎರಡು ಸಾಲು ಗಿಡ ನೆಟ್ಟರೆ ನೀರು ಇಳಿಯುವುದಿಲ್ಲ, ಗುಡ್ಡವೇ ತುಂಬಬೇಕು.

ಆದರೂ ಜನ ಕೂಡಿದರೆ ಏನಾಗುತ್ತದೆಂಬುದಕ್ಕೆ ಬ್ಯಾಂಡಿಕೂಟ್ ಕಥೆ ಕೇಳಿ. ಹೆಸರು ತೆಲುಗಿನ ಪಂದಿಕೊಕ್ಕು, ಅಂದರೆ ಹೆಗ್ಗಣ. ಪ್ರಾಣಿ ಮಾತ್ರ ಹೊಟ್ಟೆಚೀಲದ್ದು. ಗರ್ಭ ಬರೀ 12 ದಿನ ಚಿಲ್ಲರೆ. ನಮ್ಮ ಗೈನಕಾಲಜಿಸ್ಟ್ ಮಿತ್ರರು ಅಸೂಯೆಪಡಬಹುದು! ವಿಕ್ಟೋರಿಯಾದ ಪಟ್ಟೆ ಬ್ಯಾಂಡಿಕೂಟ್ ನರಿಗಳ ಬಾಯಿಗೆ ಸಿಕ್ಕಿ, 1980ರ ದಶಕದ ಕೊನೆಗೆ ಹ್ಯಾಮಿಲ್ಟನ್ ಊರಿನ ಸುತ್ತ ಮಾತ್ರ, ಕಸದ ತಿಪ್ಪೆಯ ಹಳೇ ಕಾರುಗಳ ಅಡಿಯಲ್ಲೂ, ಉಳಿದಿತ್ತು. ಹಿಡಿದು ಸಾಕಿ, ಬೇಲಿ ಹಾಕಿ, ನರಿಯಿಲ್ಲದ ಫಿಲಿಪ್, ಫ್ರೆಂಚ್ ದ್ವೀಪಗಳಿಗೆ ಬಿಟ್ಟರು. ಕಾಡಿನಲ್ಲಿ ಅಳಿದದ್ದು ಎಂಬ ಪಟ್ಟಿಯಿಂದ ಅದು 2021ರಲ್ಲಿ ಹೊರಬಂತು.

ನನ್ನ ಆ ಪೇಷೆಂಟ್ ಈಗಿಲ್ಲ. ಮಕ್ಕಳು ಪಟ್ಟಣ ಸೇರಿದ್ದಾರೆ. ಅವರ ಗುಂಪಿನಲ್ಲಿ ಈಗ ಗುದ್ದಲಿ ಹಿಡಿಯುವವರಲ್ಲಿ ಅರ್ಧ ಜನಕ್ಕೆ ಮಂಡಿ ನೋವು; ನಾನೇ ನೋಡುತ್ತೇನೆ. ನಮ್ಮ ಸಂಘದಲ್ಲಿ ಗಟ್ಟಿ ಮಂಡಿಯವರು ಸಾಕಷ್ಟಿದ್ದಾರಲ್ಲ? ಗಿಡ ನೆಡುವುದು ಚಳಿಗಾಲದ ಮಳೆಯಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ. ಬರುವವರು ಯುಗಾದಿ ಕಾರ್ಯಕ್ರಮದಂದು ನನಗೆ ಹೆಸರು ಕೊಡಿ. ಹಳೇ ಬೂಟು ಇರಲಿ. ಚಿತ್ರಾನ್ನ, ಮೊಸರನ್ನ ನಮ್ಮ ಮನೆಯಿಂದ.