ಬ್ಯಾಡ್‌ಲ್ಯಾಂಡ್ಸ್ ಬಯಲಿನಲ್ಲಿ ಎರಡು ರಾತ್ರಿ

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಬ್ಯಾಡ್‌ಲ್ಯಾಂಡ್ಸ್, ಮಳೆಗಾಳಿಗಳು ಕೊರೆದು ನಿಲ್ಲಿಸಿದ ಮಣ್ಣಿನ ಕೋಟೆಗಳ ನಾಡು. ಲಕೋಟಾ ಜನರು ಇದನ್ನು ‘ಮಾಕೋ ಶೀಚಾ’, ಎಂದರೆ ಕೆಟ್ಟ ನೆಲ, ಎಂದು ಕರೆದರು. 1939ರಲ್ಲಿ ರಾಷ್ಟ್ರೀಯ ಸ್ಮಾರಕವಾದ ಈ ಪ್ರದೇಶವು 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಧಾರವಾಡದಿಂದ ಬಂದಿದ್ದ ನಮ್ಮ ತಾಯಿಯವರೊಡನೆ ನಾವು ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆವು. ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಮನೆಯೇ ನಮ್ಮ ಬಿಡಾರ. ನಿಲ್ಲಿಸಿದಲ್ಲಿ ಗುಂಡಿ ಒತ್ತಿದರೆ ಅದರ ಒಂದು ಪಕ್ಕ ಮೇಜಿನ ಖಾನೆಯಂತೆ ಹೊರಚಾಚಿ, ಒಳಗೆ ಜಾಗ ಹೆಚ್ಚುತ್ತದೆ. ಹಾಗೆ ಚಾಚಿದ ಭಾಗದ ಮೇಲೆ ಕಸ, ಮಳೆನೀರು ನಿಲ್ಲದಂತೆ ಬಟ್ಟೆಯ ಮೇಲ್ಕಟ್ಟೊಂದು ಸುರುಳಿಯಿಂದ ಬಿಚ್ಚಿಕೊಳ್ಳುತ್ತದೆ. ತಾಯಿಯವರ ಹಾಸಿಗೆ ಅದರಡಿಯಲ್ಲಿಯೇ ಇತ್ತು.

ನಡುರಾತ್ರಿ ಬಯಲುಗಾಳಿ ಎದ್ದಿತು. ಮೇಲ್ಕಟ್ಟನ್ನು ಬಿಗಿಹಿಡಿದಿರುವುದು ಸುರುಳಿಯೊಳಗಿನ ಸ್ಪ್ರಿಂಗ್ ಒಂದೇ. ಗಾಳಿ ಅಡಿಯಲ್ಲಿ ನುಗ್ಗಿ ಬಟ್ಟೆಯನ್ನು ಎತ್ತುವುದು, ಸ್ಪ್ರಿಂಗ್ ಅದನ್ನು ಹಿಂದಕ್ಕೆ ಸೆಳೆಯುವುದು. ಪ್ರತಿ ಸೆಳೆತಕ್ಕೂ ತಲೆಯ ಮೇಲೆ ನಗಾರಿ ಬಡಿದಂತೆ ಸದ್ದು. ಎಪ್ಪತ್ತೆಂಟರ ತಾಯಿಯವರು ಎದ್ದು ಕುಳಿತು ನಡುಗುತ್ತಿದ್ದರು. ಮಾಡೇ ಹಾರಿಹೋಗುವುದೆಂದು ಅವರ ಭಯ. ಅವರನ್ನು ಒಳಗಿನ ಬೆಂಚಿಗೆ ಕರೆತಂದು, ಹಾಸಿಗೆ ಮಡಚಿ, ಚಾಚಿದ ಭಾಗವನ್ನು ಒಳಗೆಳೆದುಕೊಂಡೆವು. ಬಟ್ಟೆ ಸುತ್ತಿಕೊಂಡಿತು, ಸದ್ದು ನಿಂತಿತು. ಬಿರುಗಾಳಿಗೆ ಇದೇ ತಕ್ಕ ಉಪಾಯ. ಬಟ್ಟೆಯೂ ಹರಿಯದೆ ಉಳಿಯುವುದು. ಆದರೆ ಅವರು ಬೆಳತನಕ ಕುಳಿತೇ ಕಳೆದರು. ಇಂತಹ ಪ್ರವಾಸಕ್ಕೆ ಏಕೆ ಕರೆತಂದೆವೋ ಎಂದು ನಾವು ನೊಂದುಕೊಂಡೆವು.

ಬೆಳಿಗ್ಗೆ ಕೆಂಪು, ಹಳದಿ ಪಟ್ಟೆಗಳ ಗುಡ್ಡಗಳ ಮುಂದೆ ಚಹಾ ಕುಡಿಯುತ್ತ ಅವರೇ ಮಾತು ತೆಗೆದರು: “ಅರಿವಿ ಸಡಲ ಇದ್ರ ಬಡಕೋತೈತಪ್ಪಾ. ಕಣದಾಗ ರಾಶಿ ಮ್ಯಾಲೆ ತಾಡಪತ್ರಿ ಹಾಕಿ ನಾವು ಹಗ್ಗ ಬಿಗೀತಿದ್ದಿಲ್ಲೇನು? ಕೆಳಗ ರಾಶಿ ತುಂಬಿದ್ರ ಗಾಳಿಗೆ ಜಾಗಾನ ಇರೂದಿಲ್ಲ.”

ಆ ಮಾತಿನಂತೆಯೇ ನಡೆದೆವು. ಚಾಚುವ ಪಕ್ಕವು ಗಾಳಿಗೆ ಮರೆಯಾಗುವಂತೆ ಟ್ರೇಲರನ್ನು ತಿರುಗಿಸಿ ನಿಲ್ಲಿಸಿದೆವು. ಮಾಡಿಗೂ ಬಟ್ಟೆಗೂ ನಡುವಣ ಸಂದಿನಲ್ಲಿ ಮೆತ್ತನೆಯ ಫೋಮ್ ತುಂಡುಗಳನ್ನು ಸೇರಿಸಿದೆವು. ಬಟ್ಟೆಯ ಮೇಲೆ ಅಗಲವಾದ ಪಟ್ಟಿಯೊಂದನ್ನು ಅಡ್ಡಲಾಗಿ ಹಾಯಿಸಿ ಬಿಗಿದೆವು. ಪಕ್ಕವನ್ನು ಒಳಗೆಳೆಯುವ ಮೊದಲು ಇವೆರಡನ್ನೂ ತಪ್ಪದೆ ತೆಗೆಯಬೇಕು. ಮರೆತರೆ ಸುರುಳಿ ಕೆಡುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ ಬಲ್ಲವರಿಂದಲೇ ಬಿಗಿಸಬೇಕು. ಕೈತಪ್ಪಿದರೆ ಅದು ರಭಸದಿಂದ ತಿರುಗಿ ಗಾಯಮಾಡೀತು.

ಎರಡನೆಯ ರಾತ್ರಿಯೂ ಗಾಳಿ ಬೀಸಿತು, ಮೊದಲಿನಷ್ಟಲ್ಲ. ಮೇಲ್ಕಟ್ಟು ಒಮ್ಮೊಮ್ಮೆ ಮಿಸುಕಿತೇ ಹೊರತು ಬಡಿದುಕೊಳ್ಳಲಿಲ್ಲ. ನಾವು ಮಾತ್ರ ಕಿವಿಗೊಟ್ಟು ಎಚ್ಚರವಾಗಿಯೇ ಇದ್ದೆವು. ತಾಯಿಯವರು ಗೋಡೆಯ ಕಡೆ ಮಗ್ಗುಲಾಗಿ ಬೆಳಗಿನ ತನಕ ನಿದ್ರಿಸಿದರು.