ಗಾಡಿ ಓಟಕ್ಕೆ ಬಾಜಿ ಬಂದ ಮೇಲೆ

ದೊಡ್ಡೇರಿ ಹೋಬಳಿಯಲ್ಲಿ ಕಡ್ಲೆಕಾಯಿ ಕಿತ್ತು ಹೊಲ ಬಯಲಾದ ಮೇಲೆ ಎತ್ತಿನ ಗಾಡಿ ಓಟ ನಡೆಯುತ್ತಿದ್ದ ಕಾಲವನ್ನು ಕಂಡವನು ನಾನು. ಅಂದು ಓಡಿದ ಹಳ್ಳಿಕಾರ್ ಜೋಡಿ ಮರುದಿನ ಹೊಲಕ್ಕೋ ಸಂತೆಗೋ ಹೊರಡಲೇಬೇಕಿತ್ತು. ಕಾಲು ಉಳುಕಿದರೆ ಮನೆಯ ಬೇಸಾಯವೇ ನಿಲ್ಲುತ್ತಿತ್ತು. ಹಾಗಾಗಿ ಗೆಲ್ಲುವ ಆಸೆಗೂ ಒಂದು ಮಿತಿ ಇತ್ತು. ಓಟ ಮುಗಿದ ಕೂಡಲೇ ಯಜಮಾನರು ಹೆಗಲು ಸವರಿ, ನೊಗ ಒತ್ತಿದ ಕಡೆ ಎಣ್ಣೆ ಹಚ್ಚಿ, ಆಮೇಲೆ ಬಹುಮಾನದ ಮಾತೆತ್ತುತ್ತಿದ್ದರು.

ಟ್ರಾಕ್ಟರ್ ಬಂತು. ಉಳುಮೆಗೆ ಬೇಡವಾದ ಎತ್ತನ್ನು ಓಟಕ್ಕೆಂದೇ ಸಾಕತೊಡಗಿದರು. ಬೆನ್ನಿಗೇ ಬಾಜಿ ಕಟ್ಟುವವರೂ ಬಂದರು. ಬೇಲಿಯಂಚಿನಲ್ಲಿ ನೋಟು ಎಣಿಸುತ್ತಿದ್ದ ಅವರಿಗೆ ಎತ್ತು ಯಾರ ಮನೆಯದೆಂದೂ ಗೊತ್ತಿರುತ್ತಿರಲಿಲ್ಲ. ಬಾರುಕೋಲಿನ ತುದಿಗೆ ಮೊಳೆ ಹೊಡೆದದ್ದನ್ನು, ಬಾಲ ತಿರುಚಿ ಕಚ್ಚುವುದನ್ನು, ಎತ್ತಿನ ಬಾಯಿಗೆ ಬ್ರಾಂದಿ ಹುಯ್ಯುವುದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಮುಂದಿದ್ದ ಜೋಡಿಯನ್ನು ಗಾಡಿಯವನೇ ಮೂಗುದಾರ ಜಗ್ಗಿ ಹಿಂದಕ್ಕೆ ಬೀಳಿಸಿದ. ಏಕೆಂದು ಇಡೀ ಬಯಲಿಗೇ ಗೊತ್ತಿತ್ತು. ಆ ಎಳೆತಕ್ಕೆ ಎತ್ತಿನ ಮೂಗು ಹರಿದು ರಕ್ತ ಸುರಿಯಿತು. ಸೋಲಲು ದುಡ್ಡು ಪಡೆದವನು ಗಾಡಿಯ ಮೇಲೆ ನೆಟ್ಟಗೆ ನಿಂತಿದ್ದ.

2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆಗೆ ಗಾಡಿ ಓಟವನ್ನೂ ನಿಲ್ಲಿಸಿತು. 2017ರಲ್ಲಿ ರಾಜ್ಯ ತಂದ ತಿದ್ದುಪಡಿ ಕಂಬಳಕ್ಕೂ ಗಾಡಿ ಓಟಕ್ಕೂ ಮತ್ತೆ ದಾರಿ ಬಿಟ್ಟಿತು. 2023ರ ಮೇ 18ರಂದು ಕೋರ್ಟು ಅದನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ನೋವು ಕೊಡಬಾರದೆಂಬ ಷರತ್ತು ಕಾಯ್ದೆಯಲ್ಲೇ ಇದೆ. ಅದನ್ನು ಬಯಲಿನಲ್ಲಿ ನೋಡುವವರಿಲ್ಲ.

ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಗೆದ್ದ ಕುದುರೆಯ ಮೂತ್ರವನ್ನು ಪರೀಕ್ಷೆಗೆ ಕಳಿಸುತ್ತಾರೆ. ಬಾಜಿ ಕಟ್ಟಿದವರಿಗೆ ಮೋಸವಾಗದಿರಲೆಂದು ಇಟ್ಟುಕೊಂಡ ಪದ್ಧತಿ ಅದು, ಆದರೂ ಕಾಯುವುದು ಕುದುರೆಯನ್ನೂ. 2017ರಲ್ಲಿ ಅಲ್ಲಿ ಗೆದ್ದ ಕುದುರೆಯೊಂದರ ಮೂತ್ರದಲ್ಲಿ ಪ್ರೊಕೇನ್ ಸಿಕ್ಕಿ, ಪ್ರಕರಣ ಪೊಲೀಸರವರೆಗೂ ಹೋಯಿತು. ಪ್ರೊಕೇನ್ ನೋವು ಮರೆಸುವ ಮದ್ದು. ನೋವೇ ತಿಳಿಯದ ಕುದುರೆ ಪೆಟ್ಟಾದ ಕಾಲಿನಲ್ಲೂ ಓಡುತ್ತದೆ, ಮೂಳೆ ಮುರಿಯುವವರೆಗೂ ಓಡುತ್ತದೆ. ಅಲ್ಲಿ ಪರೀಕ್ಷೆ ಇದ್ದದ್ದರಿಂದ ಅದು ಹೊರಬಿತ್ತು. ನಮ್ಮ ಎತ್ತಿನ ಹೊಟ್ಟೆಯಲ್ಲಿ ಏನಿತ್ತೆಂದು ಕೇಳುವವರು ಯಾರು?

ಓಟ ಮುಗಿದ ಮೇಲೆ ಗೆದ್ದ ಜೋಡಿಯನ್ನೂ, ಗೆಲ್ಲಬೇಕಿದ್ದು ಸೋತ ಜೋಡಿಯನ್ನೂ ಪಶುವೈದ್ಯರು ನೋಡಬೇಕು, ಮೊಳೆ ಹಿಡಿದು ಸಿಕ್ಕಿಬಿದ್ದ ಗಾಡಿಯವನನ್ನು ಮತ್ತೆ ಬಯಲಿಗೆ ಬಿಡಬಾರದು ಎಂದು ಓಟ ನಡೆಸುವವರಿಗೆ ಹೇಳುತ್ತಲೇ ಇದ್ದೇನೆ. "ಅದಕ್ಕೆಲ್ಲ ಖರ್ಚು ಯಾರು ಕೊಡ್ತಾರಣ್ಣಾ?" ಅನ್ನುತ್ತಾರೆ. ಮೊದಲ ಬಹುಮಾನಕ್ಕೆ ಬೈಕು ಕೊಡುವವರು ಅವರೇ.